ಸೊಟ್ಟ ಗುರುತು

ಹಲಸಿಗೆ ಹೆಸರಾದ ತೋಟಗಾರಿಕೆ ಪ್ರಯೋಗ ಕೇಂದ್ರವಿರುವ ಊರು ನಮ್ಮ ಹಿರೇಹಳ್ಳಿ. ಆದರೂ ಬೆಂಗಳೂರಿನಿಂದ ಬಂದ ಮಗಳು ಬಿಡಿಸಿಟ್ಟ ತೊಳೆಯತ್ತ ತಿರುಗಿ ನೋಡಲಿಲ್ಲ. ಮೂರು ರಾತ್ರಿ ಲ್ಯಾಪ್‌ಟಾಪಿನ ಮುಂದೆಯೇ.

"ಏನೇ ಅದು?"

"ಶೆಲ್ ಸ್ಕ್ರಿಪ್ಟಮ್ಮ. 10 ಫೈಲಿಗೆ ಓಡುತ್ತೆ, 10,000 ಕೊಟ್ಟರೆ ಬಿದ್ದುಹೋಗುತ್ತೆ. ಸೋಮವಾರ ಮುಗಿಸದಿದ್ದರೆ ಬೇರೆಯವರಿಗೆ ಕೊಡ್ತಾರಂತೆ." ಅವಳ ಕಣ್ಣು ತುಂಬಿತ್ತು.

ನನಗೆ ಗೊತ್ತಿದ್ದದ್ದು ಸಿನಿಮಾದ ಸ್ಕ್ರಿಪ್ಟು ಮಾತ್ರ. ಇದು ಕಂಪ್ಯೂಟರಿಗೆ ಬರೆದುಕೊಡುವ ಕೆಲಸದ ಪಟ್ಟಿಯಂತೆ. ಅದನ್ನು ಓದಿ ಮಾಡಿಸುವ ಬ್ಯಾಷ್ ಬಂದದ್ದು 1989ರಲ್ಲಿ, ಮಗಳಿಗಿಂತ ಹಿರಿಯದು! ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು ಲೂಪ್.

"ನನಗೆ ಒಂದೊಂದೇ ಸಾಲು ಬಿಡಿಸಿ ಹೇಳು" ಎಂದೆ. ಹೇಳುತ್ತ ಹೇಳುತ್ತ ಅವಳೇ ಒಂದು ಕಡೆ ತಡೆದಳು. ಸಾಲಿನ ಕೊನೆಗೆ, ಅಂಗಡಿ ಬೋರ್ಡುಗಳಲ್ಲಿ 'ಅಂಡ್ ಸನ್ಸ್' ಎನ್ನುವಲ್ಲಿ ಬರೆಯುತ್ತಾರಲ್ಲ, ಆ ಸೊಟ್ಟ ಗುರುತು. 'ಇದು ಮುಗಿಯುವವರೆಗೆ ಕಾಯಬೇಡ, ಮುಂದಿನದನ್ನು ಶುರುಮಾಡು' ಎಂದು ಅದರ ಅರ್ಥವಂತೆ. ಹತ್ತಾದರೆ ಹೇಗೋ ನಡೆಯುತ್ತದೆ. ಸಾವಿರಾರು ಕೆಲಸ ಒಟ್ಟಿಗೆ ಎದ್ದರೆ ಮೆಮೊರಿ ಸಾಲದು. ಒಬ್ಬರಿಗೆ ಇಷ್ಟೇ ಕೆಲಸ ಎಂಬ ಮಿತಿಯೂ ಮುಗಿದು, ಯಂತ್ರ ಹೊಸದನ್ನು ಹುಟ್ಟಿಸಲಾರೆ ಎನ್ನುತ್ತದೆ.

"ಅಂದರೆ ಒಂದೇ ಒಲೆಗೆ ಊರವರ ಪಾತ್ರೆಯೆಲ್ಲ ಇಟ್ಟ ಹಾಗೆ."

"ಅಯ್ಯೋ, ಹೌದಮ್ಮ!"

ಆಫೀಸಿನಲ್ಲಿ ದೊಡ್ಡ ಯಂತ್ರವೇ ಬೇಕೆಂದಿದ್ದರಂತೆ. ಇವಳು 20 ಕೆಲಸಕ್ಕೊಮ್ಮೆ ನಿಲ್ಲುವಂತೆ ಮಾಡಿ, ಅಲ್ಲಿ 'ವೇಟ್' ಎಂದು ಸೇರಿಸಿದಳು. ಕೋಳಿ ಕೂಗುವ ಹೊತ್ತಿಗೆ 10,000 ಫೈಲೂ ಮುಗಿದಿದ್ದವು.

ಕೈಗೆ ಎಣ್ಣೆ ಸವರಿಕೊಂಡು ಇನ್ನೊಂದು ಹಣ್ಣು ಬಿಡಿಸಲು ತಾನೇ ಕೂತಳು.