ಅಂಕಿಗಳಲ್ಲಿ ಅಡಗಿದ ಹಾಡು

ಹಾಡೊಂದನ್ನು 'ಕಳಿಸು' ಎನ್ನುವುದು ಈಗ ನಮ್ಮ ಕಾಲೇಜಿನಲ್ಲಿ ನೆರೆಮನೆಯಲ್ಲಿ ಉಪ್ಪು ಕೇಳಿದಷ್ಟು ಸಲೀಸು. ಕಳಿಸಿದ್ದೇನು, ತಲುಪಿದ್ದೇನು ಎಂದು ವಿಚಾರಿಸುವವರು ವಿರಳ. ಕಲಾ ವಿಭಾಗದವನಾದ ನನಗೂ ಆ ಗೊಡವೆ ಇರಲಿಲ್ಲ. ಅಜ್ಜಿಯ ಬೀಸುವ ಪದಗಳನ್ನು ಹಿಡಿದಿಡಬೇಕೆಂಬ ಆಸೆ ಹುಟ್ಟಿದ ಮೇಲೆ ಈ ವಿಚಾರ ತಲೆಗೆ ಹತ್ತಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಜ್ಜಿಗೆ ಅಕ್ಷರ ಬಾರದು. ಅವಳ ವಿದ್ಯೆಯೆಲ್ಲ ಕಂಠದಲ್ಲಿದೆ; ಆ ಕಂಠಕ್ಕೆ ಎಂಬತ್ತು ದಾಟಿದೆ.

ಶಬ್ದವೆಂದರೆ ಗಾಳಿಯ ಅಲೆ. ಮೈಕು ಅದನ್ನು ವಿದ್ಯುತ್ತಿನ ಏರಿಳಿತವಾಗಿಸುತ್ತದೆ. ಯಂತ್ರವು ಆ ಏರಿಳಿತವನ್ನು ಅಳೆದಳೆದು ಅಂಕಿಯಾಗಿ ಬರೆದುಕೊಳ್ಳುತ್ತದೆ. ಸಿಡಿಯ ಲೆಕ್ಕದಲ್ಲಿ ಸೆಕೆಂಡಿಗೆ 44,100 ಸಲ! ಪ್ರತಿ ಅಳತೆಗೂ 65,536 ಮೆಟ್ಟಿಲುಗಳ ಏಣಿ. ನಮ್ಮ ಕಿವಿಗೆ ನಿಲುಕುವ ಅತಿ ತಾರಧ್ವನಿ ಸೆಕೆಂಡಿಗೆ ಸುಮಾರು 20,000 ಕಂಪನಗಳದು. ಅದನ್ನು ಹಿಡಿಯಲು ಇಮ್ಮಡಿಗಿಂತ ಹೆಚ್ಚು ಸಲ ಅಳೆಯಬೇಕು. ಅಂಕಿಗಳನ್ನು ಇದ್ದಂತೆಯೇ ಇಟ್ಟರೆ ಅದು ವೇವ್ ಕಡತ. ಎಡಬಲ ಎರಡೂ ಕಿವಿಗಳ ಪಾಲು ಸೇರಿ ನಿಮಿಷಕ್ಕೆ ಹತ್ತು ಮೆಗಾಬೈಟಿಗೂ ಮಿಕ್ಕಿ ಜಾಗ ಬೇಡುತ್ತದೆ.

ಈ ದುಂದನ್ನು ತಗ್ಗಿಸಲು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಇತರರೊಡಗೂಡಿ ರೂಪಿಸಿದ್ದು ಎಂಪಿ3. ಕಡತಕ್ಕೆ ಆ ಹೆಸರಿಟ್ಟದ್ದು 1995ರಲ್ಲಿ. ಜಾತ್ರೆಯಲ್ಲಿ ನಗಾರಿ ಬಾರಿಸುವಾಗ ಪಕ್ಕದವನ ಪಿಸುಮಾತು ಕೇಳುವುದುಂಟೆ? ಕೇಳದ್ದನ್ನು ಬರೆದಿಡುವುದೇಕೆ ಎಂಬುದೇ ಇದರ ಯುಕ್ತಿ. ಸೆಕೆಂಡಿಗೆ 128 ಕಿಲೋಬಿಟ್ಟಿನ ಎಂಪಿ3 ಸಿಡಿಯ ಹನ್ನೊಂದರಲ್ಲಿ ಒಂದು ಪಾಲು ಮಾತ್ರ.

ಇದನ್ನು ಅಜ್ಜಿಗೆ ವಿವರಿಸಿದೆ. "ನನ್ನ ದನೀಲಿ ಯಾವುದು ಬ್ಯಾಡ ಅಂತ ಆ ಪೆಟ್ಟಿಗೆಗೆ ಹೇಳ್ದೋರು ಯಾರಪ್ಪಾ?" ಎಂದಳು. ನಮ್ಮ ತರಗತಿಯಲ್ಲಿ ಯಾರೂ ಕೇಳದ ಪ್ರಶ್ನೆ! ಎಂಪಿ3ಯ ನಿರ್ಮಾಪಕರಲ್ಲಿ ಪ್ರಮುಖರಾದ ಕಾರ್ಲ್‌ಹೈಂಟ್ಸ್ ಬ್ರಾಂಡೆನ್‌ಬುರ್ಗ್ ಅವರನ್ನೂ ಇದು ಕಾಡಿತ್ತು. ಸುಝಾನ್ ವೇಗಾ ವಾದ್ಯವಿಲ್ಲದೆ ಹಾಡಿದ 'ಟಾಮ್ಸ್ ಡೈನರ್' ಮೊದಲ ಪ್ರಯೋಗಗಳಲ್ಲಿ ತೀರ ಕೆಟ್ಟು ಕೇಳಿಸಿತು. ಅದನ್ನೇ ಮತ್ತೆ ಮತ್ತೆ ಕೇಳುತ್ತ ಅವರು ತಮ್ಮ ವಿಧಾನವನ್ನು ತಿದ್ದಿದರು. ಒಂಟಿ ಹೆಣ್ಣುದನಿಯಲ್ಲಿ ದೋಷ ಮುಚ್ಚಲು ನಗಾರಿಯೆಲ್ಲಿದೆ?

ನುಡಿಸುವಾಗ ಕಂಪ್ಯೂಟರು, ನಮ್ಮೂರ ಹಿರಿಯರಂತೆ, ಮೊದಲು ಕಡತದ ಕುಲಗೋತ್ರ ವಿಚಾರಿಸುತ್ತದೆ. (ಅದಕ್ಕಾದರೆ ಕ್ಷಮಿಸಬಹುದು.) ಕಡತದ ತಲೆಯಲ್ಲೇ ಆ ವಿವರವಿರುತ್ತದೆ. ಅದಕ್ಕೆ ತಕ್ಕಂತೆ ಗಂಟು ಬಿಚ್ಚಿ, ಅಂಕಿಗಳನ್ನು ತುಸು ಮುಂಚಿತವಾಗಿ ಕೂಡಿಟ್ಟುಕೊಂಡು, ಒಂದೇ ಲಯದಲ್ಲಿ ವಿದ್ಯುತ್ತಾಗಿಸಿ ಸ್ಪೀಕರಿಗೆ ಒಪ್ಪಿಸುತ್ತದೆ.

ಎಂಪಿ3ಯನ್ನು ಮರಳಿ ವೇವ್ ಮಾಡಿದರೆ ಕಡತ ಉಬ್ಬೀತೇ ಹೊರತು ಜರಡಿಯಿಂದ ಉದುರಿದ್ದು ಮರಳದು. 2001ರಲ್ಲಿ ಬಂದ ಫ್ಲ್ಯಾಕ್ ಹಾಗಲ್ಲ. ಮಡಿಸಿಟ್ಟ ಸೀರೆಯಂತೆ ಜಾಗ ಉಳಿಸುತ್ತದೆ, ಬಿಚ್ಚಿದರೆ ಒಂದೆಳೆಯೂ ಕಡಿಮೆಯಿಲ್ಲ. ಚಿಕ್ಕಪ್ಪನ ಮಗ "ಫೋನಿಗೆ ಚಿಕ್ಕದೇ ಸಾಕು" ಎಂದ. ಅವನಿಗೆ ಎಂಪಿ3 ಕೊಟ್ಟೆ. ಆದರೆ ಸಾಲುಗಳ ನಡುವೆ ಅಜ್ಜಿ ಎಳೆದುಕೊಳ್ಳುವ ಉಸಿರು, ಕೆಳಗೆ ಬೀಸುಕಲ್ಲಿನ ಮೊರೆತ, ಇವು ನನ್ನ ಪಾಲಿಗೆ ಬಿಟ್ಟುಬಿಡಬಹುದಾದ ಪಿಸುಮಾತುಗಳಲ್ಲ. ಮೂಲವನ್ನು ಫ್ಲ್ಯಾಕಿನಲ್ಲಿ ಎರಡು ಕಡೆ ಕಾಪಿಟ್ಟಿದ್ದೇನೆ. ಈವರೆಗೆ ಹದಿನೇಳು ಪದಗಳಾಗಿವೆ. ಇನ್ನೆಷ್ಟಿವೆಯೆಂದು ಅಜ್ಜಿ ಲೆಕ್ಕವಿಟ್ಟಿಲ್ಲ. ಪರೀಕ್ಷೆ ಮುಗಿದೊಡನೆ ಊರಿಗೆ ಹೊರಡಬೇಕು.