ಕಿತಾನೊ ಏರಿನ ಕ್ರೀಮ್ ಪಫ್

ಜಪಾನಿನ ಕೋಬೆಯಲ್ಲಿ ದಾರಿ ತಪ್ಪುವುದು ಕಷ್ಟ. ಬೆಟ್ಟ ಇರುವ ಕಡೆ ಉತ್ತರ, ಇಳಿಯುತ್ತ ಹೋದರೆ ಸಮುದ್ರ. ಸನ್ನೊಮಿಯಾ ಸ್ಟೇಷನ್ನಿನಿಂದ ಹೊರಬಿದ್ದಿದ್ದೇವೆ, ಬನ್ನಿ, ಬೆಟ್ಟದ ಕಡೆಗೇ ಹತ್ತೋಣ. ಕಿತಾನೊ-ಜಾಕಾ ಎಂಬ ಈ ಏರುರಸ್ತೆಯ ತುದಿಗೆ ರೊಕ್ಕೊ ಬೆಟ್ಟಸಾಲು ಹಚ್ಚಹಸಿರಾಗಿ ನಿಂತಿದೆ.

1868ರಲ್ಲಿ ಇಲ್ಲಿನ ಬಂದರು ಹೊರದೇಶಗಳಿಗೆ ತೆರೆದ ಮೇಲೆ ಬಂದು ನೆಲೆಸಿದ ವ್ಯಾಪಾರಿಗಳು ಈ ಏರಿನಲ್ಲಿ ಮನೆ ಕಟ್ಟಿಕೊಂಡರು. ತಿಳಿಹಸಿರು ಬಣ್ಣದ ಮರದ ಗೋಡೆಗಳು, ಬಿಳಿ ಕಿಟಕಿಗಳು, ಕೆಂಪು ಇಟ್ಟಿಗೆಯ ಮನೆಯ ಗೋಪುರದಲ್ಲಿ ಗಾಳಿಯ ದಿಕ್ಕು ತೋರುವ ಲೋಹದ ಹುಂಜ. ಇನ್ನೊಂದು ಬೀದಿಗೆ ಹೊರಳಿದರೆ ಜೈನ ಬಸದಿ! ಇಲ್ಲಿ ಮುತ್ತಿನ ವ್ಯಾಪಾರಕ್ಕೆ ನೆಲೆಸಿದ ಭಾರತೀಯರು 1985ರಲ್ಲಿ ಕಟ್ಟಿಸಿದ್ದು. ಮೂಡಬಿದಿರೆ, ಶ್ರವಣಬೆಳಗೊಳ ಕಂಡ ಕಣ್ಣು ಈ ಬಿಳಿ ಶಿಲೆಯ ಮುಂದೆ ಅರಳದೆ ಇದ್ದೀತೇ?

ಸಿಹಿಯೂ ಕಡಲು ದಾಟಿಯೇ ಬಂತು. ಮೊದಲ ಮಹಾಯುದ್ಧದಲ್ಲಿ ಸೆರೆಯಾಗಿ ಜಪಾನಿಗೆ ಬಂದ ಜರ್ಮನ್ ಬೇಕರಿಗ ಕಾರ್ಲ್ ಯೂಹೈಮ್ ಮುಂದೆ ಯೊಕೊಹಾಮಾದಲ್ಲಿ ಅಂಗಡಿ ಇಟ್ಟ. 1923ರ ಭೂಕಂಪ ಅದನ್ನು ನೆಲಕ್ಕೆ ಕೆಡವಿತು. ಎದೆಗುಂದದೆ ಕೋಬೆಗೆ ಬಂದು ಮತ್ತೆ ಒಲೆ ಹೊತ್ತಿಸಿದ. ಅಂಥ ಛಲದವರ ಊರಿದು. ಇಂದು ಕೇಕಿನ ಅಂಗಡಿಗಳಿಗೆ ಇಲ್ಲಿ ಕೊರತೆಯೇ ಇಲ್ಲ.

ಓಣಿಯ ತಿರುವಿನಲ್ಲಿ ಬೆಣ್ಣೆ ಕಂದುವ ಪರಿಮಳ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಪುಟ್ಟ ಅಂಗಡಿ. ಗಾಜಿನಾಚೆ ತಟ್ಟೆ ತುಂಬ ಬಿರುಕುಬಿರುಕಾದ, ಹೊಂಬಣ್ಣದ ಉಂಡೆಗಳು, ಕ್ರೀಮ್ ಪಫ್‌ಗಳು. ಒಳಗೆ ಮಾತ್ರ ಬರಿದು. ಬೆಣ್ಣೆ ಹಾಕಿ ಕುದಿಸಿದ ನೀರಿನಲ್ಲಿ ಮೈದಾ ತೊಳಸಿ, ಮೊಟ್ಟೆ ಬೆರೆಸಿ ಬಿಸಿ ಒಲೆಗಿಟ್ಟರೆ, ಹಿಟ್ಟಿನೊಳಗಿನ ನೀರು ಆವಿಯಾಗಿ ಅದನ್ನು ಪೂರಿಯಂತೆ ಉಬ್ಬಿಸುತ್ತದೆ. ಅವಸರಪಟ್ಟು ಒಲೆಯ ಬಾಗಿಲು ತೆರೆದರೆ ಕುಸಿದೇ ಹೋಯಿತು.

ಇವನ್ನು ಮೊದಲೇ ತುಂಬಿಡುವುದಿಲ್ಲ. ನಾವು ಕೇಳಿದ ಮೇಲೆಯೇ ಬಿಳಿ ಟೋಪಿಯ ಹೆಣ್ಣುಮಗಳು ಒಂದನ್ನು ಎತ್ತಿಕೊಂಡು, ತಳಕ್ಕೆ ಕ್ರೀಮಿನ ಮೂತಿ ಚುಚ್ಚಿ, ಮೆಲ್ಲಗೆ ಒತ್ತುತ್ತಾಳೆ. ಅಂಗೈಯಲ್ಲೇ ಅದರ ತೂಕ ನೋಡುತ್ತಾಳೆ. ಸಾಲದೆನಿಸಿತೇನೋ, ಇನ್ನಷ್ಟು ತುಂಬುತ್ತಾಳೆ. ಮುಂದೆ ನಿಂತ ಅಜ್ಜಿಗೆ, ಮನೆ ಸೇರಲು ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆ. ಆ ಹೊತ್ತಿಗೆ ತಕ್ಕಷ್ಟು ತಣ್ಣನೆಯ ಜೆಲ್ ಪೊಟ್ಟಣಗಳು ಡಬ್ಬಿಗೆ ಸೇರುತ್ತವೆ. ಮಾರಿದ ಮೇಲೂ ಸಿಹಿಯ ಹೊಣೆ ಹೊರುವ ಈ ಅಕ್ಕರೆಗೆ ನಾನು ಮಾರುಹೋಗಿದ್ದೇನೆ.

ನಮಗೆ ಡಬ್ಬಿ ಬೇಡ. ಮೇಲಿನ ಚೌಕದಲ್ಲಿ ಕಂಚಿನ ಜಾಜ್ ವಾದಕರ ಪ್ರತಿಮೆಗಳಿವೆ, ಅಲ್ಲೇ ಕೂರೋಣ. ಹಲ್ಲು ತಾಗಿದೊಡನೆ ಮೇಲ್ಪದರ ಕರುಂ ಎಂದು ಒಡೆಯುತ್ತದೆ. ಅದರ ಕೆಳಗೆ ಮೆತ್ತನೆಯ ಸಿಪ್ಪೆ, ಆಮೇಲೆ ತಂಪಾದ ಕಸ್ಟರ್ಡ್ ಒಮ್ಮೆಗೇ ನುಗ್ಗುತ್ತದೆ. ಹಳದಿಯೊಳಗೆ ವೆನಿಲಾ ಬೀಜಗಳ ಕರಿ ಚುಕ್ಕಿ. ಸಕ್ಕರೆ ಎಷ್ಟು ಹದವೆಂದರೆ ಹಾಲು, ಮೊಟ್ಟೆ, ಬೆಣ್ಣೆ ಬೇರೆಬೇರೆಯಾಗಿ ನಾಲಿಗೆಗೆ ಸಿಗುತ್ತವೆ. ಕ್ರೀಮು ಮಣಿಕಟ್ಟಿಗೆ ಇಳಿಯುತ್ತಿದೆ, ಬೇಗ ತಿನ್ನಿ, ಗರಿಗರಿ ಹೆಚ್ಚು ಹೊತ್ತು ಉಳಿಯದು.

ಮಚ್ಚಾ ಎಂಬ ಹಸಿರು ಚಹಾಪುಡಿಯ ಕ್ರೀಮಿನದು ಇನ್ನೂ ಬಾಕಿಯಿದೆ. ಇಳಿಯುವ ದಾರಿ ಅಂಗಡಿಯ ಮುಂದೆಯೇ ಹಾಯುತ್ತದೆ, ಏಳಿ.