ಸೊನ್ನೆಯಲ್ಲದ ಸರಾಸರಿ

ಮಕ್ಕಳೇ, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಎಷ್ಟು? ಸೊನ್ನೆ ಎನ್ನುವವರು ಸ್ವಲ್ಪ ತಾಳಿ. ಬಹಳ ವರ್ಷ ಗಣಿತದ ಮೇಷ್ಟರಾಗಿದ್ದ ನಾನೇ ಒಮ್ಮೆ ಇದರಲ್ಲಿ ಎಡವಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಅಮೆರಿಕದ ಒಬ್ಬ ಬೇಸ್‌ಬಾಲ್ ಆಟಗಾರನ ಕಥೆ ಕೇಳಿ.

ಅವನ ಹೆಸರು ಹ್ಯಾರಿ ಓನೀಲ್. 1917ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ. 1939ರಲ್ಲಿ ಗೆಟಿಸ್‌ಬರ್ಗ್ ಕಾಲೇಜಿನಲ್ಲಿ ಓದು ಮುಗಿಸಿದಾಗ, ತನ್ನ ಊರಿನದೇ ತಂಡವಾದ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ಅವನನ್ನು ಕ್ಯಾಚರ್ ಆಗಿ ಸೇರಿಸಿಕೊಂಡಿತು. ಕ್ಯಾಚರ್ ಎಂದರೆ ನಮ್ಮ ವಿಕೆಟ್‌ಕೀಪರ್ ಇದ್ದ ಹಾಗೆ. ಮುಖಕ್ಕೆ ಜಾಲರಿ, ಎದೆಗೆ ಕವಚ ಕಟ್ಟಿಕೊಂಡು, ಬ್ಯಾಟು ಹಿಡಿದವನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯಬೇಕು. ಆದರೆ ತಂಡದಲ್ಲಿ ಫ್ರಾಂಕಿ ಹೇಯ್ಸ್ ಎಂಬ ಒಳ್ಳೆಯ ಕ್ಯಾಚರ್ ಆಗಲೇ ಇದ್ದ. ಹಾಗಾಗಿ ಹ್ಯಾರಿಗೆ ಸಿಕ್ಕಿದ್ದು ಬೆಂಚು.

ಜುಲೈ 23ರಂದು ಡೆಟ್ರಾಯಿಟ್‌ನಲ್ಲಿ ಪಂದ್ಯ. ಅಥ್ಲೆಟಿಕ್ಸ್ 16–3ರಿಂದ ಸೋತ ಆಟ ಅದು. ಇನ್ನು ಗೆಲ್ಲುವುದಿಲ್ಲ ಎಂದಾದ ಮೇಲೆ, ಕೊನೆಯ ಹೊತ್ತಿಗೆ ಹ್ಯಾರಿಗೆ ಕರೆ ಬಂತು. ಅವನು ಹೋಗಿ ಹೇಯ್ಸ್‌ನ ಜಾಗದಲ್ಲಿ ಕೂತ. ಬ್ಯಾಟು ಹಿಡಿಯುವ ಸರದಿ ಬರುವ ಮೊದಲೇ ಆಟ ಮುಗಿಯಿತು. ಮೇಜರ್ ಲೀಗ್‌ನಲ್ಲಿ ಅವನು ಆಡಿದ್ದು ಅಷ್ಟೇ.

ಆಮೇಲೆ ಸಣ್ಣ ಲೀಗ್‌ಗಳಲ್ಲಿ ಆಡಿದ. ಶಾಲೆಯಲ್ಲಿ ಇತಿಹಾಸ ಪಾಠ ಮಾಡಿದ. ಎರಡನೇ ಮಹಾಯುದ್ಧದ ಕಾಲ. 1942ರಲ್ಲಿ ಮರೀನ್ ಪಡೆ ಸೇರಿದ. ಸೈಪಾನ್ ದ್ವೀಪದಲ್ಲಿ ಗಾಯವಾಯಿತು. ವಾಸಿಯಾದ ಮೇಲೆ ಮತ್ತೆ ಯುದ್ಧಕ್ಕೆ ಹೋದ. 1945ರ ಮಾರ್ಚ್ 6ರಂದು ಜಪಾನಿನ ಇವೋ ಜಿಮಾ ದ್ವೀಪದಲ್ಲಿ ಗುಂಡು ತಗುಲಿ ತೀರಿಕೊಂಡ. ಆಗ ಅವನಿಗೆ 27 ವರ್ಷ. ಮೇಜರ್ ಲೀಗ್‌ನಲ್ಲಿ ಆಡಿದವರ ಪೈಕಿ ಆ ಯುದ್ಧದಲ್ಲಿ ಹೋರಾಡುತ್ತಾ ಮಡಿದವರು ಇಬ್ಬರು. ಒಬ್ಬ ಹ್ಯಾರಿ, ಇನ್ನೊಬ್ಬ, 5 ಪಂದ್ಯ ಆಡಿದ್ದ ಎಲ್ಮರ್ ಗೆಡಿಯನ್.

ಈಗ ಲೆಕ್ಕಕ್ಕೆ ಬನ್ನಿ. ಒಬ್ಬ ಆಟಗಾರನ ಒಳ್ಳೆಯ ಹೊಡೆತಗಳನ್ನು ಅವನು ಬ್ಯಾಟು ಹಿಡಿದ ಸರದಿಗಳಿಂದ ಭಾಗಿಸಿದರೆ ಬೇಸ್‌ಬಾಲಿನ ಸರಾಸರಿ ಸಿಗುತ್ತದೆ. ನಾಲ್ಕು ಸರದಿಗೆ ಒಂದು ಹೊಡೆತವಾದರೆ 0.250. ನಾಲ್ಕರಲ್ಲಿ ಒಂದೂ ಇಲ್ಲದಿದ್ದರೆ ಸೊನ್ನೆ. ಹ್ಯಾರಿಯದು? ಸೊನ್ನೆ ಹೊಡೆತ, ಸೊನ್ನೆ ಸರದಿ. ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೂ ಸೊನ್ನೆಯೇ ಬರುವುದರಿಂದ, ಇದೇ ಉತ್ತರ ಎಂದು ಯಾವುದನ್ನೂ ಹೇಳುವ ಹಾಗಿಲ್ಲ. ಹ್ಯಾರಿಯ ಸರಾಸರಿ ಸೊನ್ನೆಯಲ್ಲ. ಅವನಿಗೆ ಸರಾಸರಿಯೇ ಇಲ್ಲ. ಹೊಡೆಯಲು ಹೋಗಿ ತಪ್ಪಿದವನಲ್ಲ ಅವನು. ಅವನ ಕೈಗೆ ಬ್ಯಾಟು ಬರಲೇ ಇಲ್ಲ.

ಈಗ ನನ್ನ ತಪ್ಪು. ಒಂದು ವರ್ಷ ಜ್ವರ ಬಂದು ಪರೀಕ್ಷೆಗೆ ಬಾರದ ಹುಡುಗನ ಹೆಸರಿನ ಮುಂದೆ ‘ಗೈರು’ ಎಂದು ಬರೆಯುವ ಬದಲು ಸೊನ್ನೆ ಬರೆದುಬಿಟ್ಟೆ. ಅವನು ಮೇಜಿನ ಹತ್ತಿರ ಬಂದು, “ಸಾರ್, ನಾನು ಪರೀಕ್ಷೆ ಬರೆದೇ ಇಲ್ಲವಲ್ಲ, ಸೊನ್ನೆ ಹೇಗೆ?” ಎಂದ. “ಎರಡೂ ಒಂದೇ, ಹೋಗೋ” ಎಂದು ಗದರಿದೆ. ತಲೆ ತಗ್ಗಿಸಿ ಹೋಗಿ ಕೂತ. ಹ್ಯಾರಿಯ ಲೆಕ್ಕ ಓದಿದ ದಿನ ಆ ಮುಖ ನೆನಪಿಗೆ ಬಂತು.

ಅವನೂ ಈಗ ಅಜ್ಜನಾಗಿರಬೇಕು. ಮೊಮ್ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಪುಟ ಓದುತ್ತಿದ್ದರೂ ಇರಬಹುದು. ಹಾಗಿದ್ದರೆ ಕೇಳು ಮಗು: ಎರಡೂ ಒಂದಲ್ಲ. ಅಂದು ಸರಿಯಾಗಿ ಹೇಳಿದವನು ನೀನೇ ಕಣೋ.